ಸೋದರ ನಗರದ ಹೊಣೆ ಹೊತ್ತ ಸುಹಾಸನಿಗೆ

ಟಕೋಮ, ವಾಷಿಂಗ್ಟನ್ ರಾಜ್ಯ, ಅಮೆರಿಕ

ಚಿರಂಜೀವಿ ಸುಹಾಸನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಸಮಾಚಾರಕ್ಕೆ ಆಗಾಗ ಬರೆಯುತ್ತಿರು.

ನೀನೀಗ ಇರುವ ಅಮೆರಿಕದ ಊರಿನ ಸಿಸ್ಟರ್ ಸಿಟಿ ಸಮಿತಿಗೆ, ಅಂದರೆ ಬೇರೆ ದೇಶದ ಊರಿನೊಂದಿಗೆ ಗೆಳೆತನದ ನಂಟು ಬೆಳೆಸುವ ಸಮಿತಿಗೆ, ನಿನ್ನನ್ನು ಸೇರಿಸಿಕೊಂಡಿದ್ದಾರೆಂದೂ, ಚೀನಾದ ಸೋದರ ನಗರದೊಂದಿಗಿನ ವ್ಯವಹಾರವನ್ನು ನಿನಗೇ ಒಪ್ಪಿಸಿದ್ದಾರೆಂದೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಬರುವ ನಿಯೋಗಕ್ಕೆ ಯಾವ ಉಡುಗೊರೆ ಕೊಡಬೇಕು, ಸ್ವಾಗತ ಭಾಷಣದಲ್ಲಿ ಏನಿರಬೇಕು ಎಂದು ಈಗಿನಿಂದಲೇ ಯೋಚನೆಯಲ್ಲಿದ್ದೀಯಂತೆ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ನಿನ್ನ ಊರಿನೊಳಗೇ ಇದೆ. ಅದನ್ನು ಹೇಳಲೆಂದೇ ಈ ಪತ್ರ.

ನಾನು ಮೂವತ್ತು ವರ್ಷಗಳಿಂದ ಬಾಳುತ್ತಿರುವ ಈ ಟಕೋಮದ ಕಥೆಯನ್ನು ಕೇಳು. ಈ ಊರಿಗೆ ರೈಲುದಾರಿ ಹಾಕಿದವರಲ್ಲಿ ಚೀನಾದ ಕೂಲಿಕಾರರು ಬಹಳ ಮಂದಿ. ಕೆಲಸ ಕಡಿಮೆಯಾದಾಗ ಜನರ ಸಿಟ್ಟೆಲ್ಲ ಅವರ ಮೇಲೆ ತಿರುಗಿತು. ಅವರ ವಲಸೆಯನ್ನು ತಡೆಯುವ ಕಾನೂನು 1882ರಲ್ಲಿಯೇ ಬಂದಿತ್ತು. 1885ರ ನವೆಂಬರ್ 3ರಂದು ಗುಂಪೊಂದು ಮನೆಮನೆಗೆ ನುಗ್ಗಿ, ಇನ್ನೂ ಊರಿನಲ್ಲಿ ಉಳಿದಿದ್ದ ಇನ್ನೂರರಷ್ಟು ಚೀನೀಯರನ್ನು ಹೊರಗೆಳೆದು, ಮಳೆಯಲ್ಲಿಯೇ ಮೈಲುಗಟ್ಟಲೆ ನಡೆಸಿ, ಲೇಕ್‌ವ್ಯೂ ಎಂಬ ನಿಲ್ದಾಣಕ್ಕೆ ಅಟ್ಟಿತು. ಅಲ್ಲಿಂದ ಅವರು ಪೋರ್ಟ್‌ಲ್ಯಾಂಡಿನ ಕಡೆಗೆ ಹೋಗಬೇಕಾಯಿತು. ಅವರ ಮನೆ, ಅಂಗಡಿಗಳು ಬೆಂಕಿಗೆ ಆಹುತಿಯಾದವು. ಈ ಕೃತ್ಯದ ಮುಂದಾಳುಗಳಲ್ಲಿ ಊರಿನ ಮೇಯರನೂ ಇದ್ದ. ಇಪ್ಪತ್ತೇಳು ಜನರ ಮೇಲೆ ಆರೋಪ ಹೊರಿಸಿದರೂ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಇದು ಬೇರೆ ಯಾರದೋ ಕಥೆಯೆಂದು ತಿಳಿಯಬೇಡ. ಇದೇ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ 1907ರಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಪಂಜಾಬಿನವರನ್ನೂ ಹೀಗೆಯೇ ಹೊಡೆದೋಡಿಸಿದರು.

ನೂರು ವರ್ಷಕ್ಕೂ ಹೆಚ್ಚು ಕಾಲ ಟಕೋಮ ಆ ದಿನದ ಬಗ್ಗೆ ಬಾಯಿ ಬಿಡಲಿಲ್ಲ. ಒಬ್ಬ ಸಾಮಾನ್ಯ ನಿವಾಸಿ ನಗರಸಭೆಗೆ ಕೊಟ್ಟ ಸಲಹೆಯಿಂದ ಮಾತು ಆರಂಭವಾಗಿ, 1993ರಲ್ಲಿ ಸಭೆ ಆ ಅನ್ಯಾಯಕ್ಕೆ ವಿಷಾದ ಸೂಚಿಸುವ ನಿರ್ಣಯ ಮಾಡಿತು. ಚೀನಾದ ಫೂಜೌ ನಗರದೊಂದಿಗೆ ಸೋದರ ಸಂಬಂಧ ಏರ್ಪಟ್ಟದ್ದು ಅದರ ಮರುವರ್ಷ, 1994ರಲ್ಲಿ. ಈ ಕ್ರಮವನ್ನು ಗಮನಿಸು. ಮೊದಲು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ಆಮೇಲೆ ಕೈ ಚಾಚಿದ್ದರಿಂದಲೇ ಆ ಕೈಗೆ ಬೆಲೆ ಬಂತೆಂದು ನಾನು ನಂಬಿದ್ದೇನೆ. ಈಗ ಕೊಲ್ಲಿಯ ದಡದಲ್ಲಿ ಚೈನೀಸ್ ರಿಕನ್ಸಿಲಿಯೇಶನ್ ಪಾರ್ಕ್, ಅಂದರೆ ಚೀನೀಯರೊಂದಿಗೆ ಮತ್ತೆ ಒಂದಾಗುವ ಉದ್ಯಾನ, ಇದೆ. ಅದರೊಳಗೆ ಫೂಜೌ ಕೊಟ್ಟ, ಸೂರಿನ ಅಂಚು ಮೇಲಕ್ಕೆ ಬಾಗಿದ ಮಂಟಪವಿದೆ. ಅಲ್ಲಿ ಕುಳಿತಿರುವಾಗ ಬದಿಯಲ್ಲಿಯೇ ಗೂಡ್ಸ್ ರೈಲು ಹಾದುಹೋಗುತ್ತದೆ. ಅದು ದಾಟಿ ಹೋಗುವವರೆಗೂ ಮಾತು ಕೇಳಿಸುವುದಿಲ್ಲ, ಕಾಲ ಕೆಳಗಿನ ನೆಲ ಸಣ್ಣಗೆ ನಡುಗುತ್ತದೆ. ಎಷ್ಟು ಸಲ ಹೋದರೂ ಆ ಸದ್ದಿಗೆ ನನಗೆ ಮಳೆಯಲ್ಲಿ ನಡೆದುಹೋದವರ ನೆನಪಾಗುತ್ತದೆ.

ಆದ್ದರಿಂದ ನಿಮ್ಮ ಊರಿನ ಹಳೆಯ ಪತ್ರಿಕೆಗಳನ್ನು ತೆಗೆದು ನೋಡು. ಚೀನೀ ಮೂಲದವರು ಅಲ್ಲಿ ಎಂದು ಬಂದರು, ಅವರನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದನ್ನು ತಿಳಿದುಕೊ. ಹಾಗೆಯೇ, ನಿಮ್ಮ ಬೀದಿಯ ಚೀನೀ ಮೂಲದ ಕುಟುಂಬವೇ ಬೇರೆ, ಬೀಜಿಂಗ್‌ನ ಸರ್ಕಾರವೇ ಬೇರೆ ಎಂಬುದನ್ನು ಒಂದು ಕ್ಷಣವೂ ಮರೆಯಬೇಡ. ಕೋವಿಡ್ ಕಾಲದಲ್ಲಿ ಎರಡೂ ದೇಶಗಳ ಸೋದರ ನಗರಗಳು ಒಂದಕ್ಕೊಂದು ಮಾಸ್ಕ್ ಕಳಿಸಿಕೊಡುತ್ತಿದ್ದಾಗಲೇ, ನಮ್ಮ ಪಕ್ಕದ ಬೀದಿಯಲ್ಲಿ ನಲವತ್ತು ವರ್ಷ ಬಾಳಿದ ಚೀನೀ ಮೂಲದ ಅಜ್ಜಿಯೊಬ್ಬರು ಯಾರು ಏನು ಅಂದಾರೋ ಎಂಬ ಭಯದಿಂದ ಸಂಜೆಯ ವಾಕಿಂಗ್ ಬಿಟ್ಟುಬಿಟ್ಟಿದ್ದರು. ಅಂಥವರನ್ನು ನಿಯೋಗ ಬಂದಾಗ ಅನುವಾದಕ್ಕೆಂದು ಮಾತ್ರ ಕರೆಯಬಾರದು. ಸಮಿತಿಯಲ್ಲಿ ಕೂರಿಸಿ ಅವರ ಮಾತು ಕೇಳಬೇಕು.

ಎದುರಿಗೆ ಕುಳಿತವರು ಯಾರು ಎಂಬುದನ್ನೂ ಅರಿತಿರಬೇಕು. ನಿಮ್ಮ ಕಡೆ ನಿವೃತ್ತ ಮೇಷ್ಟರು, ಅಂಗಡಿಯವರು, ನಿನ್ನಂಥ ಸ್ವಯಂಸೇವಕರು ಇರುತ್ತಾರೆ. ಅವರ ಕಡೆ ಈ ಕೆಲಸಕ್ಕೆಂದೇ ನಗರ ಸರ್ಕಾರದ ವಿದೇಶ ವ್ಯವಹಾರಗಳ ಕಚೇರಿ ಇರುತ್ತದೆ, ಅದರ ಅಧಿಕಾರಿಗಳಿಗೆ ಮೇಲಿನಿಂದ ಬಂದ ಸೂಚನೆಗಳೂ ಇರುತ್ತವೆ. ಇದನ್ನು ತಿಳಿದಿದ್ದರೆ ಅವರ ಮೇಲೆ ವೃಥಾ ಅನುಮಾನವೂ ಬರುವುದಿಲ್ಲ, ವೃಥಾ ಭರವಸೆಯೂ ಹುಟ್ಟುವುದಿಲ್ಲ. ಈ ಬಾವುಟ ಬೇಡ, ಆ ಅತಿಥಿ ಬೇಡ ಎಂಬ ಮಾತು ಎಂದಾದರೂ ಬಂದರೆ, ಒಪ್ಪಲಾಗದ್ದನ್ನು ಒಪ್ಪಲಾಗದೆಂದು ಮರ್ಯಾದೆಯಿಂದ, ಮುಂಚಿತವಾಗಿಯೇ ಹೇಳು. ಖರ್ಚು ಯಾರದು ಎಂಬುದು ಬರಹದಲ್ಲಿರಲಿ. ಇನ್ನು ವಿದೇಶಾಂಗ ನೀತಿ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿರುವ ಕೇಂದ್ರ ಸರ್ಕಾರದವರ ಕೆಲಸ. ಸುಂಕದ ಬಗ್ಗೆಯಾಗಲಿ, ತೈವಾನಿನ ಬಗ್ಗೆಯಾಗಲಿ ಊರಿನ ಪರವಾಗಿ ಮಾತು ಕೊಡುವ ಅಧಿಕಾರ ನಿನಗಿಲ್ಲ.

ಹಾಗಾದರೆ ಇಷ್ಟು ಸಣ್ಣ ಕೆಲಸದಿಂದ ಏನು ಪ್ರಯೋಜನವೆಂದು ನೀನು ಕೇಳಬಹುದು. 2020ರ ಜುಲೈನಲ್ಲಿ ಹ್ಯೂಸ್ಟನ್ನಿನ ಚೀನೀ ಕಾನ್ಸುಲೇಟನ್ನು ಅಮೆರಿಕ ಮುಚ್ಚಿಸಿತು, ಚೆಂಗ್ದುವಿನ ಅಮೆರಿಕನ್ ಕಾನ್ಸುಲೇಟನ್ನು ಚೀನಾ ಮುಚ್ಚಿಸಿತು. ಹೀಗೆ ದೊಡ್ಡ ಬಾಗಿಲುಗಳು ಮುಚ್ಚಿದಾಗ ತೆರೆದಿರಬಲ್ಲದ್ದು ಇಂಥ ಸಣ್ಣ ಕಿಟಕಿಗಳೇ. 1985ರಲ್ಲಿ ಹೆಬೆಯ್ ಪ್ರಾಂತ್ಯದಿಂದ ಕೃಷಿ ನೋಡಲು ಅಯೋವಾದ ಮಸ್ಕಟೀನ್ ಎಂಬ ಪುಟ್ಟ ಊರಿಗೆ ಬಂದ ಕೌಂಟಿ ಅಧಿಕಾರಿಯೊಬ್ಬರನ್ನು ಒಂದು ಕುಟುಂಬ ತಮ್ಮ ಮಗನ ಕೋಣೆಯಲ್ಲಿ ಮಲಗಿಸಿತು. ಅವರೇ ಷಿ ಜಿನ್‌ಪಿಂಗ್. ಉಪಾಧ್ಯಕ್ಷರಾಗಿ 2012ರಲ್ಲಿ ಮತ್ತೆ ಅದೇ ಊರಿಗೆ ಹೋಗಿ ಹಳೆಯ ಪರಿಚಯದವರನ್ನು ಕಂಡರು. ಅವರು ಮುಂದೆ ಎಲ್ಲಿಗೆ ಏರಿದರೆಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು, ಅದೇನೂ ತಿಳಿಯದ ದಿನವೇ ಆ ಮನೆಯವರು ಹಾಸಿಗೆ ಹಾಸಿಕೊಟ್ಟರು ಎಂಬುದು. ಆ ಒಂದು ನಂಟಿನಿಂದ ಎರಡು ದೇಶಗಳ ಜಗಳವೇನೂ ನಿಂತಿಲ್ಲ ಎಂಬುದೂ ನಿಜ. ನಂಟನ್ನು ಆ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ.

ಸಮಾರಂಭಕ್ಕೆ ಎಲ್ಲರೂ ಬರುತ್ತಾರೆ, ಮರುದಿನದ ಕೆಲಸಕ್ಕೆ ಯಾರೂ ಇರುವುದಿಲ್ಲ. ಬೆಂಗಳೂರಿಗೂ ಚೆಂಗ್ದುವಿಗೂ 2013ರಲ್ಲಿ ಇಂಥದೇ ಒಪ್ಪಂದವಾಗಿದೆ. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ನಿನಗೆ ಅದು ಗೊತ್ತಿತ್ತೇ? ಹಿಂದೆ ನಾನಿದ್ದ ಒಂದು ಸಣ್ಣ ಸಮಿತಿಗೆ ಚೀನಾದ ಪ್ರಾಥಮಿಕ ಶಾಲೆಯೊಂದರಿಂದ ಮಕ್ಕಳ ಪತ್ರಗಳ ಕಟ್ಟು ಬಂದಿತ್ತು. ಒಂದೊಂದು ಹಾಳೆಯಲ್ಲೂ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಂಡು, ಅಳಿಸಿ ತಿದ್ದಿ, ಇಂಗ್ಲಿಷಿನಲ್ಲಿ ತಮ್ಮ ಹೆಸರು, ತಮ್ಮ ಅಜ್ಜಿಯ ಅಡುಗೆ, ತಮ್ಮ ನಾಯಿಯ ಬಣ್ಣ ಎಲ್ಲವನ್ನೂ ಬರೆದಿದ್ದರು. ಅನುವಾದಕರು ಸಿಗಲಿ, ಬಜೆಟ್ ಬರಲಿ ಎಂದು ನಾವು ನಾಲ್ಕು ತಿಂಗಳು ಆ ಕಟ್ಟನ್ನು ಕಪಾಟಿನಲ್ಲಿಯೇ ಇಟ್ಟೆವು. ಉತ್ತರ ಹೋಗುವ ಹೊತ್ತಿಗೆ ಆ ಮಕ್ಕಳು ಮುಂದಿನ ಶಾಲೆಗೆ ಹೋಗಿಯಾಗಿತ್ತು, ಮತ್ತೆ ಪತ್ರ ಬರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ನಿಮ್ಮ ಸಮಿತಿಗೂ ಅಲ್ಲಿನ ಶಾಲೆಯೊಂದರಿಂದ ಪತ್ರ ಬಂದಿದೆಯೆಂದು ನಿನ್ನ ಅಮ್ಮ ಹೇಳಿದಳು. ಉಡುಗೊರೆಯ ಯೋಚನೆಯನ್ನು ಬದಿಗಿಟ್ಟು, ಈ ವಾರದೊಳಗೆ ಅದಕ್ಕೆ ಉತ್ತರ ಬರೆಸು. ನವೆಂಬರ್ ಮೊದಲ ವಾರ ಇಲ್ಲಿಗೆ ಬಾ; ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಮಳೆ ಇದ್ದೇ ಇರುತ್ತದೆ, ಕೋಟು ತರಲು ಮರೆಯಬೇಡ.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಮ್ಮ