ಬೇಟೆ ಬಂದೂಕಿನ ದೂರದರ್ಶಕ: ಗುಂಡಿ ತಿರುಗಿಸುವ ಮುನ್ನ

ಮಾನ್ಯರೇ,

ಬೇಟೆ ಬಂದೂಕಿನ ದೂರದರ್ಶಕದ ವರ್ಧನೆ ಹೆಚ್ಚಿದಷ್ಟೂ ಗುರಿ ನಿಖರವಾಗುತ್ತದೆ ಎಂಬ ಮಾತನ್ನು ಹಲವರು ನಂಬಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ, ಪರವಾನಗಿ ಪಡೆದು ಪ್ರತಿ ವರ್ಷ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವ ಕನ್ನಡಿಗನಾಗಿ ನಾನು ಇದನ್ನು ಒಪ್ಪಲಾರೆ. ವರ್ಧನೆ ಗುರಿಯನ್ನು ದೊಡ್ಡದಾಗಿ ತೋರಿಸುತ್ತದೆಯೇ ಹೊರತು ಗುಂಡು ಬೀಳುವ ಜಾಗವನ್ನು ಬದಲಿಸುವುದಿಲ್ಲ; ಅದನ್ನು ಬದಲಿಸುವುದು ದೂರದರ್ಶಕದ ಮೇಲೆ ಮತ್ತು ಬಲಬದಿಯಲ್ಲಿರುವ ಗುಂಡಿಗಳು.

ಅಮೆರಿಕದ ಬಹುತೇಕ ಬೇಟೆ ದೂರದರ್ಶಕಗಳಲ್ಲಿ ಗುಂಡಿಯ ಒಂದು 'ಕ್ಲಿಕ್' ಕೋನದ ಒಂದು ಮಿನಿಟಿನ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ) ಕಾಲುಭಾಗದಷ್ಟು, ಅಂದರೆ 100 ಗಜ ದೂರದಲ್ಲಿ ಸುಮಾರು ಕಾಲು ಇಂಚಿನಷ್ಟು, ಗುಂಡನ್ನು ಸರಿಸುತ್ತದೆ. ಇದು ಕೋನದ ಅಳತೆಯಾದ್ದರಿಂದ 50 ಗಜದಲ್ಲಿ ಅದೇ ಕ್ಲಿಕ್ ಅದರ ಅರ್ಧದಷ್ಟೇ ಸರಿಸುತ್ತದೆ. ಗುಂಡು 3 ಇಂಚು ಕೆಳಗೆ ಬಿದ್ದರೆ 100 ಗಜದಲ್ಲಿ ಮೇಲ್ಮುಖವಾಗಿ 12 ಕ್ಲಿಕ್ ಸಾಕು, 50 ಗಜದಲ್ಲಿ 24 ಬೇಕು. ಈ ಲೆಕ್ಕ ತಿಳಿಯದೆ ಗುಂಡಿ ತಿರುಗಿಸುವವರು ಗುಂಡುಗಳನ್ನು ವ್ಯರ್ಥ ಮಾಡಿಕೊಂಡು ದೂರದರ್ಶಕವನ್ನೇ ದೂಷಿಸುವುದನ್ನು ನಾನು ಶೂಟಿಂಗ್ ರೇಂಜಿನಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ.

ಒಂದೇ ಗುಂಡಿನ ಗುರುತನ್ನು ನಂಬದೆ, ಬಂದೂಕನ್ನು ಮರಳುಚೀಲದ ಮೇಲಿಟ್ಟು 3 ಗುಂಡು ಹಾರಿಸಿ, ಅವುಗಳ ನಡುಬಿಂದುವಿನಿಂದ ಲೆಕ್ಕ ಹಾಕಬೇಕು. ಕಣ್ಣು ಸ್ವಲ್ಪ ಸರಿದಾಗ ದೂರದರ್ಶಕದೊಳಗಿನ ಅಡ್ಡಗೆರೆಗಳು ಗುರಿಯ ಮೇಲೆ ಜಾರಿದಂತೆ ಕಂಡರೆ ಅದು ಪ್ಯಾರಲಾಕ್ಸ್ ದೋಷವೇ ಹೊರತು ಗುಂಡಿಯ ತಪ್ಪಲ್ಲ.

ಬಂದೂಕು ಒಮ್ಮೆ ನೆಲಕ್ಕೆ ಬಿದ್ದರೂ ಈ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು, ಏಕೆಂದರೆ ತಪ್ಪಾಗಿ ತಗುಲಿದ ಒಂದು ಗುಂಡು ಪ್ರಾಣಿಯನ್ನು ಗಂಟೆಗಟ್ಟಲೆ ನರಳಿಸುತ್ತದೆ.

— ಒಬ್ಬ ಓದುಗ, ಪೆನ್ಸಿಲ್ವೇನಿಯಾ