ಬಾಸ್‌ಗೂ ಕಿವಿಗೊಡಿ

ಮಾನ್ಯರೇ,

ಜನಪ್ರಿಯ ಹಾಡುಗಳ ಜಾಝ್ ರೂಪ ಎಂದರೆ ಸ್ಯಾಕ್ಸೊಫೋನನ್ನೇ ಹೊಗಳುವುದು ರೂಢಿ. ‘ಮೈ ಫೇವರಿಟ್ ಥಿಂಗ್ಸ್’ ಹಾಡನ್ನು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1960ರಲ್ಲಿ ಹದಿಮೂರು ನಿಮಿಷಕ್ಕೂ ಮೀರಿ ಬೆಳೆಸಿದರು, ನಿಜ. ಆದರೆ ಕೆಳಗೆ ಸ್ಟೀವ್ ಡೇವಿಸ್ ಅವರ ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಬಹುಹೊತ್ತು ಒಂದೇ ಸ್ವರಕ್ಕೆ ಅಂಟಿಕೊಂಡಿರುತ್ತದೆ, ನಮ್ಮ ತಂಬೂರಿಯ ಹಾಗೆ. ಮೇಲಿನವರಿಗೆ ಅಲೆಯಲು ಜಾಗ ಸಿಕ್ಕಿದ್ದೇ ಅದರಿಂದ.

ಇನ್ನೊಬ್ಬ ಬಾಸ್ ವಾದಕ ಸ್ಕಾಟ್ ಲಫಾರೊ ಇದಕ್ಕೆ ತದ್ವಿರುದ್ಧ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ಜತೆ ನುಡಿಸಿದ ‘ಮೈ ರೊಮಾನ್ಸ್’ನಲ್ಲಿ ಅವರ ಬಾಸ್ ಪಿಯಾನೊಗೆ ಮಾರುತ್ತರ ಕೊಡುತ್ತದೆ. (ಎರಡೂ ಹಾಡುಗಳಿಗೆ ರಾಗ ಕಟ್ಟಿದ್ದು ರಿಚರ್ಡ್ ರಾಜರ್ಸ್.) ಹನ್ನೊಂದೇ ದಿನಕ್ಕೆ ಲಫಾರೊ ಅಪಘಾತದಲ್ಲಿ ತೀರಿಕೊಂಡರು.

ಮೊಬೈಲ್ ಸ್ಪೀಕರಿನಲ್ಲಿ ಇದು ದಕ್ಕದು. ಬಾಸ್‌ನ ದಪ್ಪ ತಂತಿಯ ಕಂಪನ ಸುಮಾರು 41 ಹರ್ಟ್ಸ್, ಆ ಪುಟ್ಟ ಸ್ಪೀಕರಿಗೆ ನಿಲುಕದಷ್ಟು ತಗ್ಗು. ಇಯರ್‌ಫೋನ್ ಸಾಕು, ಆದರೆ ತಗ್ಗಿನ ಸದ್ದನ್ನು ಹಿಗ್ಗಿಸುವ ‘ಬಾಸ್ ಬೂಸ್ಟ್’ ಆಫ್ ಮಾಡಿಡಿ. ಇಲ್ಲದಿದ್ದರೆ ಬೆರಳು ತಂತಿ ಬಿಡುವ ಸದ್ದು ಆ ಗುಂಯ್‌ಗುಡುವಿಕೆಯಲ್ಲೇ ಮುಳುಗುತ್ತದೆ.

– ಓದುಗ, ಧಾರವಾಡ