ಖರೀದಿ ತಂಡದ ಹೊಣೆ ಹೊತ್ತ ಮಗಳಿಗೆ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ವಿಶ್ವವಿದ್ಯಾಲಯದ ಖರೀದಿ ತಂಡ ಕಟ್ಟುವ ಹೊಣೆ ನಿನಗೆ ಬಂದದ್ದು ತುಂಬಾ ಸಂತೋಷ. ಟೆಂಡರ್ ಕರೆಯಲು ಅವಸರ ಮಾಡಬೇಡಮ್ಮ. ಮೊದಲು ಹಿಂದಿನ ಎರಡು ಮೂರು ವರ್ಷಗಳ ಖರೀದಿ ಆದೇಶ, ಬಿಲ್, ಕಾರ್ಡಿನ ಖರ್ಚು ಎಲ್ಲವನ್ನೂ ಒಂದೇ ಪಟ್ಟಿಗೆ ತರಿಸು. ಒಬ್ಬನೇ ಪೂರೈಕೆದಾರ ನಾಲ್ಕು ಹೆಸರಲ್ಲಿ ದಾಖಲಾಗಿರುತ್ತಾನೆ. ಒಂದೇ ಬಗೆಯ ಕೈಗವಸನ್ನು ಒಂದೊಂದು ವಿಭಾಗ ಒಂದೊಂದು ದರಕ್ಕೆ ಕೊಂಡಿರುತ್ತದೆ. ಇದನ್ನು ಸರಿಪಡಿಸದಿದ್ದರೆ ಚೌಕಾಸಿಗೆ ನಿನಗಿರುವ ಬಲ ಎಷ್ಟೆಂದೇ ತಿಳಿಯುವುದಿಲ್ಲ.

ತಂಡಕ್ಕೆ ಐದರಿಂದ ಎಂಟು ಜನ ಸಾಕು. ಮುಖ್ಯಸ್ಥರನ್ನಷ್ಟೇ ಕೂರಿಸಬೇಡ. ವಸ್ತುವನ್ನು ದಿನವೂ ಬಳಸುವ ಪ್ರಯೋಗಾಲಯದ ತಂತ್ರಜ್ಞರು, ಉಗ್ರಾಣದವರು, ಲೆಕ್ಕಪತ್ರದವರು, ಸುರಕ್ಷತೆ ನೋಡುವವರು ಇರಲೇಬೇಕು. ಅದೂ ಸ್ಪೆಸಿಫಿಕೇಶನ್, ಅಂದರೆ ವಸ್ತು ಹೇಗಿರಬೇಕೆಂಬ ವಿವರ, ಬರೆಯುವ ಮೊದಲೇ. ಅಗ್ಗದ ತುದಿ, ದ್ರವ ಅಳೆದು ಹಾಕುವ ತಮ್ಮ ಪಿಪೆಟ್‌ಗೆ ಬಿಗಿಯಾಗಿ ಕೂರದೆ ಅಳತೆ ತಪ್ಪುತ್ತದೆ ಎನ್ನುವುದು ಬಳಸುವವರಿಗೇ ಗೊತ್ತು. ದರ ನಿಗದಿಯಾದ ಮೇಲೆ ಅವರನ್ನು ಕೇಳಿದರೆ ಒಪ್ಪಂದ ಕಡತದಲ್ಲಿರುತ್ತದೆ, ಖರೀದಿ ಹೊರಗೆ ನಡೆಯುತ್ತದೆ. ಬ್ರಾಂಡ್ ಹೆಸರು ಬರೆಯದೆ, ಆಗಬೇಕಾದ ಕೆಲಸವನ್ನು ಬರೆಯಿರಿ. ಮಾದರಿ ತರಿಸಿ, ಹೆಸರು ಮರೆಮಾಡಿ ಪರೀಕ್ಷಿಸಿ.

ಎಲ್ಲ ವಸ್ತುವಿಗೂ ಒಂದೇ ತಂತ್ರ ನಡೆಯದು. ನಿರ್ವಹಣಾ ಸಲಹೆಗಾರ ಪೀಟರ್ ಕ್ರಾಲ್ಜಿಕ್ 1983ರಲ್ಲಿ ಮುಂದಿಟ್ಟ ವಿಂಗಡಣೆ ಇಂದಿಗೂ ಉಪಯುಕ್ತ: ಖರ್ಚಿನ ತೂಕ ಎಷ್ಟು, ಪೂರೈಕೆ ನಿಲ್ಲುವ ಅಪಾಯ ಎಷ್ಟು? ಕಂಪ್ಯೂಟರಿಗೆ ಮಾರುವವರು ಹಲವರಿರುವುದರಿಂದ ಬೇಡಿಕೆ ಒಗ್ಗೂಡಿಸಿ ದರ ಇಳಿಸು. ಒಂದೇ ಕಂಪನಿ ಕೊಡುವ ಉಪಕರಣದ ಬಿಡಿಭಾಗ ಅಗ್ಗವಾಗಿದ್ದರೂ ಅದಿಲ್ಲದೆ ಸಂಶೋಧನೆಯೇ ನಿಂತೀತು. ಅಲ್ಲಿ ಚೌಕಾಸಿಗಿಂತ ದಾಸ್ತಾನು ಮುಖ್ಯ.

ಉಪಕರಣಕ್ಕೆ ಕೊಂಡ ಬೆಲೆಯೊಂದನ್ನೇ ನೋಡಬೇಡ. ಅಳವಡಿಕೆ, ರಾಸಾಯನಿಕ, ತರಬೇತಿ, ವಾರಂಟಿ ಮುಗಿದ ಮೇಲಿನ ನಿರ್ವಹಣೆ, ವಿಲೇವಾರಿ ಸೇರಿಸಿ ಅದರ ಪೂರ್ಣ ಆಯುಷ್ಯದ ವೆಚ್ಚ ಹೋಲಿಸು. ಯಾವುದಕ್ಕೆ ಎಷ್ಟು ಅಂಕ ಎಂಬುದು ಟೆಂಡರಿನಲ್ಲೇ ಅಚ್ಚಾಗಿರಲಿ. ತಾಂತ್ರಿಕ ಅಂಕಗಳಿಗೆ ಎಲ್ಲರೂ ಸಹಿ ಹಾಕುವವರೆಗೆ ದರದ ಲಕೋಟೆ ಒಡೆಯಬಾರದು. ಕಡಿಮೆ ದರ ಕಣ್ಣಿಗೆ ಬಿದ್ದರೆ ತಾಂತ್ರಿಕ ಅಂಕವೂ ಅದರತ್ತ ವಾಲುತ್ತದೆ.

ಒಪ್ಪಂದಕ್ಕೆ ಸಹಿಯಾದ ಮೇಲೇ ನಿಜವಾದ ಕೆಲಸ. ಮೂರು ತಿಂಗಳಿಗೊಮ್ಮೆ ಪೂರೈಕೆದಾರರ ಜೊತೆ ಕೂತು, ಹೇಳಿದ ದಿನಕ್ಕೆ ಬಂತೇ, ಪೂರ್ತಿ ಬಂತೇ, ವಾಪಸು ಹೋದದ್ದೆಷ್ಟು, ಬಿಲ್ಲಿನ ತಪ್ಪುಗಳೆಷ್ಟು ಎಂದು ಅಂಕಿಗಳನ್ನಿಟ್ಟು ಮಾತಾಡು. ತಂಪಿನಲ್ಲಿ ಬರಬೇಕಾದ ಕಿಣ್ವವನ್ನು ರಜೆಯ ಮುನ್ನಾದಿನ ರವಾನಿಸಬಾರದೆಂದು ಒಪ್ಪಂದದಲ್ಲೇ ಬರೆಸು. ತೆಗೆದುಕೊಳ್ಳುವವರಿಲ್ಲದೆ, ತಂಪಿಗೆಂದು ಇಟ್ಟ ಒಣ ಮಂಜುಗಡ್ಡೆ (ಡ್ರೈ ಐಸ್) ಆವಿಯಾಗಿ ಸರಕು ಕೆಡುತ್ತದೆ.

ಅದೇ ಸಭೆಯಲ್ಲಿ ನಮ್ಮ ಕಡೆಯ ತಪ್ಪನ್ನೂ ಮುಂದಿಡು. ಆದೇಶದಲ್ಲಿ ಪೆಟ್ಟಿಗೆಯ ಲೆಕ್ಕ, ಬಿಲ್ಲಿನಲ್ಲಿ ಬಿಡಿ ಲೆಕ್ಕ ಇದ್ದರೆ ಆದೇಶ, ಸ್ವೀಕೃತಿ, ಬಿಲ್ ಮೂರೂ ತಾಳೆಯಾಗದೆ ಹಣ ಪಾವತಿ ನಿಲ್ಲುತ್ತದೆ. ಮಾತು ಕೊಟ್ಟಷ್ಟು ಪ್ರಮಾಣ ಕೊಳ್ಳದಿದ್ದರೆ ಮುಂದಿನ ಸಲ ಒಳ್ಳೆಯ ದರ ಯಾರೂ ಕೊಡುವುದಿಲ್ಲ. ಒಪ್ಪಂದದ ಹೊರಗೆ ಕೊಳ್ಳುತ್ತಿರುವ ವಿಭಾಗಗಳಿಗೆ ನೋಟಿಸ್ ಕಳಿಸುವ ಮೊದಲು ಕಾರಣ ಕೇಳು. ಎಷ್ಟೋ ಸಲ ಬೇಕಾದ ಅಳತೆಯೇ ಒಪ್ಪಂದದ ಪಟ್ಟಿಯಲ್ಲಿರುವುದಿಲ್ಲ.

ದೊಡ್ಡ ಒಪ್ಪಂದಗಳ ಅವಧಿ ಮುಗಿಯುವ ದಿನಾಂಕಗಳನ್ನು ಈಗಲೇ ಬರೆದಿಡು. ಒಂಬತ್ತು ತಿಂಗಳ ಮೊದಲೇ ತಂಡ ಸೇರಲಿ, ಇಲ್ಲದಿದ್ದರೆ ಹಳೆಯ ದರಕ್ಕೇ ಮುಂದುವರಿಸದೆ ಬೇರೆ ದಾರಿ ಉಳಿಯದು.

ಇಂತಿ,
ನಿನ್ನ ದೊಡ್ಡಪ್ಪ